ಲೋಟಕ್ಕೆ ಅಡ್ಡ ಇಟ್ಟ ಚಮಚ

ನಾಲ್ಕನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು ಯೋಚಿಸಿದ್ದೆಲ್ಲ
ಬೆರಳಿಗೆ ಕಸರತ್ತಾಯಿತು:
ಮೂರು ಬೆರಳಲ್ಲಿ ಚಿವುಟು, ಎರಡು ಸುತ್ತು ತಿರುಗಿಸು,
ಅಂಚಿನಿಂದ ಎಳೆ, ಹಿಡಿದಿರು, ಬಿಡು.
ಯಾವ ತಾಯಿಯೂ ಮಗುವಿಗೆ ಕಲಿಸದ ಮುದ್ರೆಗಳು.
ತುಂಜಾಯ್ ಅಂದ: ಫೆರಾಯೆ, ಕೆಳಗಿಳಿ.
ಕೈಗೆ ಮೊದಲೇ ಗೊತ್ತಿರುವುದನ್ನು
ಕದ್ದು ತಾ.

ಇಳಿದೆ.
ಇಜ್ಮಿರಿನ ಹಳೇ ಪೇಟೆ, ನೆತ್ತಿಗೆ ಬಿಸಿಲು,
ಜೇಬಲ್ಲಿ ಚೋಟುದ್ದ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು.
(ಹೀಗೆ ಸಿಕ್ಕಿಸುವುದೂ ಒಂದು ಅಭ್ಯಾಸ; ಬರೆದುಕೊಂಡೆ.)

ದೋಲ್ಮುಶ್ ವ್ಯಾನಿನಲ್ಲಿ ಹಿಂದಿನವನು
ಮುಂದಿನವಳ ಹೆಗಲ ಪಕ್ಕ ನೋಟು ಚಾಚುತ್ತಾನೆ.
ಅವಳು ತಿರುಗದೆ ಇಸಿದುಕೊಂಡು ದಾಟಿಸುತ್ತಾಳೆ
ಕೈಯಿಂದ ಕೈಗೆ, ಡ್ರೈವರನ ತನಕ.
ಚಿಲ್ಲರೆ ಅದೇ ದಾರಿ ಹಿಡಿದು ವಾಪಸು.
ನನ್ನ ಮುಂದೆ ಒಂದು ಕಾಸೂ ಕಳೆಯಲಿಲ್ಲ.
ಪಕ್ಕಕ್ಕೆ ಬರೆದೆ: ಕಳಿಸು.

ಮಸೀದಿಯ ನೆರಳಲ್ಲಿ ಜಪಮಣಿ ಜಾರಿಸುವ ಹೆಬ್ಬೆರಳು,
ಒಂದೊಂದೇ, ಅವಸರವಿಲ್ಲದೆ.
ದಾರ ಸೇರುವ ದೊಡ್ಡ ಮಣಿ ಬಂದಾಗ
ಒಂದು ಉಸಿರಿನ ನಿಲುಗಡೆ.
ನಮ್ಮ ಪರದೆಗೆ ಆ ದೊಡ್ಡ ಮಣಿಯೇ ಇಲ್ಲ,
ಜಾರಿಸಿದಷ್ಟೂ ಜಾರುತ್ತದೆ.
ಇದರ ಕೆಳಗೆ ಎರಡು ಗೆರೆ.

ಬೇಡ ಅನ್ನಲು ಇಲ್ಲಿ ತಲೆ ಅಲ್ಲಾಡಬೇಕಿಲ್ಲ.
ಹುಬ್ಬು ಮೇಲೇರಿತು, ನಾಲಿಗೆ ಹಲ್ಲಿಗೆ ತಗುಲಿ 'ಚ್',
ವ್ಯಾಪಾರ ಮುರಿಯಿತು.
ನಮ್ಮ ಕ್ಯಾಮರಾ ಇದನ್ನು
ಆಶ್ಚರ್ಯ ಎಂದು ಓದುತ್ತದೆ. ಪಾಪ.

ಟೀ ಅಂಗಡಿಯಲ್ಲಿ, ಸಾಕಾದವನು
ಪುಟ್ಟ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಟ್ಟ.
ಹುಡುಗ ದೂರದಿಂದಲೇ ಕಂಡ. ಸುರಿಯಲು ಬರಲಿಲ್ಲ.
ಮಾತಿಲ್ಲ, ಮುಖಭಂಗವಿಲ್ಲ.
ಫೋನನ್ನು ಬೋರಲು ಮಲಗಿಸಿದರೆ ಊರೆಲ್ಲ ಹೀಗೆ
ಸುಮ್ಮನಾಗಬೇಕು ಅಂದುಕೊಂಡೆ.

ಬೇಕರಿಯೆದುರು ಒಬ್ಬಳ ಚೀಲದಿಂದ ರೊಟ್ಟಿಯ ತುಂಡು ಬಿತ್ತು.
ಬಗ್ಗಿ ಎತ್ತಿದಳು, ಮುತ್ತಿಟ್ಟಳು, ಹಣೆಗೊತ್ತಿಕೊಂಡಳು,
ಹಕ್ಕಿಗೆಂದು ಗೋಡೆಯ ಮೇಲಿಟ್ಟು ನಡೆದಳು.
ಪೆನ್ಸಿಲ್ಲು ತೆಗೆದಿದ್ದೆ.
ಮತ್ತೆ ಕಿವಿಗೇ ಸಿಕ್ಕಿಸಿದೆ.
ತುಂಜಾಯ್ ಕೈಗೆ ಸಿಕ್ಕರೆ ಇದೊಂದು 'ಮೆಚ್ಚಿದೆ' ಆದೀತು.

ಕೊನೆಗೆ ಗಡಿಯಾರ ರಿಪೇರಿಯ ರುಕ್ನೆತ್ತಿನ್ ಹತ್ತಿರ ಹೋದೆ,
ಅಥವಾ ಹೋಗದೆ ವಿಧಿಯಿರಲಿಲ್ಲ.
ಎರಡು ವರ್ಷದ ಹಿಂದೆ, ಅತ್ತೆ ಬಾಲ್ಕನಿಯಿಂದ
ಮೇಜಿನ ಬಟ್ಟೆ ಕೊಡವುವುದು ನೋಡಿ, ನಾನೇ ಹೊಸೆದದ್ದು:
ಫೋನು ಕೊಡವಿದರೆ ಬರೆದದ್ದು ಉದುರಿಹೋಗಲಿ.
ಚಪ್ಪಾಳೆ ಬಿದ್ದಿತ್ತು ಅದಕ್ಕೆ.

ಚಿಮುಟ ಹಿಡಿದಾಗ ಸುಮ್ಮನಿರುವ ಅವನ ಕೈ
ಸುಮ್ಮನಿದ್ದಾಗ ನಡುಗುತ್ತದೆ.
ಅಕ್ಕನಿಗೆ ಬರೆಯುತ್ತಾನೆ: 'ಮೊಣಕಾಲು ಹೇಗಿದೆ'
ಮುಂದಿನ ಮಾತಿಗೆ ತಡವರಿಸುತ್ತಾನೆ,
ಕೈ ನಡುಗುತ್ತದೆ,
ಮೊಣಕಾಲು ಮಾಯ.
ಮೂರನೇ ಸಲ ಅವನು ಫೋನಿನ ಕ್ಷಮೆ ಕೇಳಿದ.
ನಾನು ಅಲ್ಲೇ ಸ್ಟೂಲಿನ ಮೇಲಿದ್ದೆ.

ಅದು ನನ್ನದು ಎಂದೆ. ನಾನು ಮಾಡಿದ್ದು.
ಬೈಯಲಿಲ್ಲ. ಬೆನ್ನು ಬಿಚ್ಚಿದ ಕೈಗಡಿಯಾರ ಮುಂದೆ ಸರಿಸಿದ.
ನೋಡು, ಈ ಚಕ್ರವೂ ನಡುಗುತ್ತದೆ, ಸೆಕೆಂಡಿಗೆ ಐದು ಸಲ,
ನನ್ನ ಹಾಗೇ, ಹೆಚ್ಚಿಲ್ಲ ಕಡಿಮೆಯಿಲ್ಲ.
ಬಟ್ಟೆ ಕೊಡವುವವಳಿಗೆ ಎಲ್ಲಿಯ ಲಯ?
ಒಂದು ಜೋರು, ಒಂದು ಮೆಲ್ಲಗೆ, ಮಧ್ಯೆ ಪಕ್ಕದ ಮನೆಯವಳ ಜೊತೆ ಮಾತು.
ನಿನ್ನ ಯಂತ್ರಕ್ಕೆ ಹೇಳು:
ಲೆಕ್ಕ ತಪ್ಪುವವರಿಗೆ ಮಾತ್ರ ಮನಸ್ಸಿದೆ ಅಂತ.

ಪುಟ ತುಂಬ ಬರೆದೆ. ಐದು. ಲಯ. ಅತ್ತೆ. ಪಕ್ಕದ ಮನೆ.
ಆಮೇಲೆ ಅವನ ಮೊಣಕೈಗೆ ನನ್ನ ಪುಸ್ತಕವನ್ನೇ ಊರಿಕೊಟ್ಟೆ.
'ಮೊಣಕಾಲು' ಎಂದು ಮತ್ತೆ ಶುರುಮಾಡಿದ.

ಬರೆಯುವ ಗಡಿಬಿಡಿಯಲ್ಲಿ ನನ್ನ ಚಮಚ
ತಟ್ಟೆಯಲ್ಲೇ ಉಳಿದಿತ್ತು.
ಹುಡುಗ ಬಂದ, ನೋಡಿದ,
ಮೂರನೇ ಲೋಟ ಸುರಿದು ಹೋದ.